ನರಿಯ ಮುಖವೂ ನನ್ನ ಬಾಯಿಯೂ

ಬ್ರೇಕ್ ಹಿಡಿದದ್ದು ನಾನು. ನಿಂತದ್ದು ಇಬ್ಬರೂ.

ಬೆಳಿಗ್ಗೆ ಆರೂ ಕಾಲು. ನಾನು ಸೈಕಲ್ ಮೇಲೆ, ಅದು ರಸ್ತೆ ಮಧ್ಯೆ. ಮೊದಲು ನಾಯಿ ಅಂದುಕೊಂಡು ಗದರಿಸಲು ಬಾಯಿ ತೆರೆದೆ. ಆದರೆ ಬಾಲ ದಪ್ಪ, ಮೂತಿ ಚೂಪು, ನೋಟದಲ್ಲಿ ಬಿಸ್ಕತ್ತಿನ ಆಸೆ ಒಂದಿಷ್ಟೂ ಇಲ್ಲ. ನರಿ! ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ, ಅವಸರವಿಲ್ಲದೆ ರಸ್ತೆ ದಾಟಿ, ಹಳೆಯ ಮೋರಿಯೊಂದರ ಪಕ್ಕದ ಜಾಲಿ ಪೊದೆಯೊಳಗೆ ಇಳಿದುಹೋಯಿತು.

ಈ ಅಂಕಣಕ್ಕೆ ಹೊಸಬರಾದವರಿಗೆ ಹೇಳಿಬಿಡುತ್ತೇನೆ. ನಾನು ಆಂಡರ್ಸನ್‌ಪೇಟೆಯವಳು, ಬಂಗಾರಪೇಟೆಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಟೀಚರ್, ವಯಸ್ಸು ಐವತ್ತಮೂರು. ಶುಗರ್ ಬಂದಾಗ ಡಾಕ್ಟರು ದಿನಾ ನಡೆಯಿರಿ ಅಂದರು. ಮೊಣಕಾಲು ಆಗಲ್ಲ ಅಂದಿತು. ಇಬ್ಬರ ಮಧ್ಯೆ ರಾಜಿ ಮಾಡಿಸಿದ್ದು ಸೈಕಲ್.

ಹಾಗೆ ಒಂದು ವರ್ಷದಿಂದ ಬೇತಮಂಗಲದ ಕಡೆಗೆ ತುಳಿಯುತ್ತಿದ್ದೇನೆ. ದಾರಿಯಲ್ಲಿ ಸಿಕ್ಕವರ ಪಟ್ಟಿ ಉದ್ದವಿದೆ. ಗಣಿಯವರು ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬದ ಬುಡದಲ್ಲಿ ನವಿಲು. ಗಣಿ ಜಾಗದ ಬಯಲಿನಲ್ಲಿ ಕೃಷ್ಣಮೃಗಗಳ ಹಿಂಡು (ನನ್ನ ಬೆಲ್ಲಿಗೆ ಜಗ್ಗಲಿಲ್ಲ, ಏದುಸಿರಿಗೆ ಓಡಿದವು). ಮೊಲ, ಮುಂಗುಸಿ, ಒಮ್ಮೆ ಚಕ್ರದ ಮುಂದೆಯೇ ಹಾದುಹೋದ ಕೇರೆಹಾವು. ಚಿನ್ನ ಮುಗಿಯಿತೆಂದು ಮನುಷ್ಯರು ಕೈಬಿಟ್ಟ ಜಾಗಕ್ಕೆ ಇವರೆಲ್ಲ ಬಂದು ಸಂಸಾರ ಹೂಡಿದ್ದಾರೆ. ಊರು ಸತ್ತುಹೋಯಿತು ಅಂತ ಕೊರಗುವವರು ಬೆಳಿಗ್ಗೆ ಒಂದು ಸುತ್ತು ಹೋಗಿ ಬರಬೇಕು.

ಆದರೆ ನರಿಯ ವಿಷಯ ಬೇರೆ. ನಮ್ಮ ಕಡೆ ಒಂದು ಬೀದಿಯಲ್ಲಿ ಮೂರು ಭಾಷೆ. ನಲ್ಲಿ ಎಲ್ಲಿ ಹಾಕಿಸಬೇಕು ಅನ್ನುವುದರಲ್ಲೂ ಒಮ್ಮತ ಬರುವುದಿಲ್ಲ. ನರಿಯಲ್ಲಿ ಮಾತ್ರ ಬರುತ್ತದೆ. ಯಾರಿಗಾದರೂ ಅದೃಷ್ಟ ಖುಲಾಯಿಸಿದರೆ ಕನ್ನಡದವರು ‘ಬೆಳಿಗ್ಗೆ ನರಿ ಮುಖ ನೋಡಿದ್ಯಾ?’ ಅನ್ನುತ್ತಾರೆ. ತಮಿಳಿನವರು ನರಿಯ ಮುಖದಲ್ಲೇ ಕಣ್ಣು ಬಿಟ್ಟೆಯಾ ಅನ್ನುತ್ತಾರೆ. ತೆಲುಗಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅದರ ಬಾಲವನ್ನೇ ತುಳಿದು ಬಂದೆಯಾ ಅಂತ ಕೇಳುತ್ತಾರೆ.

ಇಂಥ ಮುಖವನ್ನು ಹತ್ತು ಹೆಜ್ಜೆ ದೂರದಿಂದ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡು ಇರಲು ಆಗುತ್ತದೆಯೇ? ನನ್ನಿಂದಂತೂ ಇಲ್ಲ.

ಆ ದಾರಿಯ ಹಳ್ಳಿಯೊಂದರಲ್ಲಿ ಹಾಲಿನ ಡೈರಿ ಇದೆ. (ಹಳ್ಳಿಯ ಹೆಸರು ಕೇಳಬೇಡಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.) ದಿನವೂ ಅಲ್ಲಿ ಐದು ನಿಮಿಷ ನಿಂತು ನೀರು ಕುಡಿಯುತ್ತೇನೆ. ಜನ ಕ್ಯಾನು ಹಿಡಿದು ಸಾಲಾಗಿ ನಿಂತಿರುತ್ತಾರೆ. ಅವತ್ತು ನೀರು ಕುಡಿಯುವ ಮೊದಲೇ ಸುದ್ದಿ ಹೇಳಿದೆ. ಎಲ್ಲರೂ ಖುಷಿಪಟ್ಟರು, ಇವತ್ತು ಟೀಚರಮ್ಮನಿಗೆ ಏನೋ ಇದೆ ಅಂದರು. ನಗದೆ ನಿಂತವರು ವೆಂಕಟಮ್ಮ ಒಬ್ಬರೇ. ಎರಡು ಹಸು ಕಟ್ಟಿಕೊಂಡು, ಆ ಮೋರಿಯ ಪಕ್ಕದಲ್ಲೇ ಕಡಲೆಕಾಯಿ ಬೆಳೆಯುವ ಹೆಂಗಸು. ಮಾತು ಕಡಿಮೆ.

“ಎಲ್ಲೈತೆ ಅಂತ ಯಾರ್ಗೂ ಏಳಿಲ್ಲ ತಾನೇ ಟೀಚರಮ್ಮ?”

ಇಲ್ಲ ಅಂದೆ. ಅದು ಬೆಳಿಗ್ಗೆಯ ಮಟ್ಟಿಗೆ ನಿಜವಾಗಿತ್ತು.

ಮಧ್ಯಾಹ್ನ ನನ್ನ ಬ್ಲಡ್ ರಿಪೋರ್ಟ್ ಬಂತು. ವರ್ಷದಲ್ಲಿ ಮೊದಲ ಸಲ ಶುಗರ್ ನಾರ್ಮಲ್! ಇದು ಸೈಕಲ್ಲಿನ ಪುಣ್ಯ ಅಂದರು ನಮ್ಮ ಯಜಮಾನರು. ನರಿಯ ಪುಣ್ಯ ಅಂದೆ ನಾನು. ಸಂಜೆ ಕೂತು, ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿನಲ್ಲಿ ಇಡೀ ಕಥೆ ಬರೆದೆ. ಯಾವ ತಿರುವು, ಯಾವ ಮೋರಿ, ಎಷ್ಟು ಗಂಟೆ, ಒಂದನ್ನೂ ಬಿಡಲಿಲ್ಲ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಮ್ಯಾಪಿನಲ್ಲಿ ಜಾಗ ಗುರುತಿಸುವುದನ್ನು ಕಲಿಸಿದವಳಲ್ಲವೇ?

ಮೂರನೇ ದಿನ ಮೋರಿಯ ಹತ್ತಿರ ಬೈಕುಗಳ ಸಾಲು.

ಒಬ್ಬ ಹಾಲ್ ಟಿಕೆಟ್ ಹಿಡಿದು ಬಂದಿದ್ದ. ಇನ್ನೊಬ್ಬ ಹೊಸ ಸ್ಕೂಟರಿಗೆ ಹೂವಿನ ಹಾರ ಹಾಕಿಕೊಂಡು ಬಂದಿದ್ದ. ಉರಿಗಾಂನಿಂದ ಬಂದ ಒಂದು ಕುಟುಂಬ ಅವತ್ತೇ ಹೆಣ್ಣು ನೋಡಲು ಹೊರಟಿತ್ತು. ಹಾರ್ನ್ ಹೊಡೆದರೆ ಹೊರಗೆ ಬರುತ್ತದೆ ಅನ್ನುವ ಜ್ಞಾನಿಯೊಬ್ಬ ಬಿಡದೆ ಹೊಡೆಯುತ್ತಿದ್ದ. ನನ್ನನ್ನು ನೋಡಿದ್ದೇ ತಡ, ನಮಸ್ತೆ ಟೀಚರ್, ಯಾವ ಕಡೆಯಿಂದ ಬರುತ್ತೆ ಟೀಚರ್ ಅಂತ ಎಲ್ಲರೂ ಸುತ್ತುವರಿದರು. ಕೆಟ್ಟವರು ಯಾರೂ ಅಲ್ಲ. ಎಲ್ಲರಿಗೂ ಒಂದೊಂದು ಆಸೆ ಇತ್ತು, ಅಷ್ಟೇ. ನರಿ ಬರಲಿಲ್ಲ.

ಮರುದಿನವೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಆರನೇ ದಿನ ಜನ ಬರುವ ಮೊದಲೇ ಹೋಗಿ ನೋಡೋಣ ಅಂತ ಬೇಗ ಹೊರಟೆ. ಜಾಲಿ ಪೊದೆಯ ಸಂದಿಯಲ್ಲಿ ಏನೋ ಮಿಂಚಿತು. ಬಗ್ಗಿ ನೋಡಿದರೆ ಬ್ರೇಕ್ ವೈರು. ಗೂಟಕ್ಕೆ ಕಟ್ಟಿದ, ನರಿಯ ಕತ್ತಿನ ಎತ್ತರಕ್ಕೆ ಸರಿಯಾಗಿ ತೂಗುಬಿಟ್ಟ ಉರುಳು. ಯಾರೋ ನರಿಯನ್ನು ಹಿಡಿದು ಮನೆ ಮುಂದೆ ಕಟ್ಟಿಕೊಳ್ಳುವ ಲೆಕ್ಕ ಹಾಕಿದ್ದರು. ದಿನಾ ಮುಖ ನೋಡಬಹುದಲ್ಲ!

ನನ್ನ ಸೈಕಲ್ಲಿನಲ್ಲೂ ಅಂಥದೇ ವೈರಿದೆ. ಅದನ್ನು ಹಿಡಿದೇ ನಾನು ಅವತ್ತು ನರಿಗೆ ದಾರಿ ಬಿಟ್ಟಿದ್ದೆ. ಇದನ್ನು ಕಟ್ಟಿದವರು ಯಾರೋ ಗೊತ್ತಿಲ್ಲ, ಆದರೆ ವಿಳಾಸ ಕೊಟ್ಟವಳು ನಾನೇ.

ವೆಂಕಟಮ್ಮನವರ ಮನೆ ಹುಡುಕಿಕೊಂಡು ಹೋಗಿ ಎಲ್ಲ ಒಪ್ಪಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಹಾಲು ಕರೆದ ಕೈ ಸೆರಗಿಗೆ ಒರೆಸಿಕೊಂಡು ನನ್ನ ಜೊತೆ ಬಂದರು. ಗೂಟವನ್ನು ಅಲ್ಲಾಡಿಸಿ ಕಿತ್ತು, ವೈರು ಬಿಚ್ಚಿ ಸುತ್ತಿಕೊಂಡು, ಬಟ್ಟೆ ಒಣಗಿಹಾಕಲು ಆಗುತ್ತದೆ ಅಂದರು. ಆಮೇಲೆ ಮೋರಿಯ ಬಾಯಿಯ ಒದ್ದೆ ಮಣ್ಣನ್ನು ತೋರಿಸಿದರು. ದೊಡ್ಡ ಹೆಜ್ಜೆ ಗುರುತುಗಳ ಸುತ್ತ ಪುಟ್ಟ ಪುಟ್ಟ ಹೆಜ್ಜೆಗಳು.

“ಮರಿ ಆಕವ್ಳೆ. ಜನ ನಿಂತಿದ್ರೆ ಮೇವಿಗೆ ಎಂಗೆ ಓಗ್ತಾಳೆ? ಒಳಗಡೆ ಮರಿಗ್ಳು ಒಟ್ಟೆಗಿಲ್ದೆ ಒಣಗ್ತವೆ.”

ನಿಮ್ಮ ಕೋಳಿ ತಿನ್ನುವುದಿಲ್ಲವೇ ಅಂತ ಕೇಳಿದೆ. ಒಂದು ತಿಂದಿದೆಯಂತೆ. ಅದಕ್ಕೆ ಅವತ್ತೇ ಬೈದಿದ್ದಾರಂತೆ. ಆದರೆ ಕಡಲೆಕಾಯಿ ಹೊಲವನ್ನು ಇಲಿಗಳಿಂದ ಕಾಯುವವಳು ಅವಳೇ, ಸಂಬಳವಿಲ್ಲದ ಕಾವಲು ಅಂದರು.

ನಾನು ಅರಣ್ಯ ಇಲಾಖೆಗೆ ಫೋನ್ ಮಾಡಿದೆ. ಅವರು ಬಂದು ಸುತ್ತಲಿನ ಬದುಗಳನ್ನೆಲ್ಲ ತಡಕಿ, ಬೇರೆ ಉರುಳು ಇಲ್ಲವೆಂದು ನೋಡಿ ಹೋದರು. ಗ್ರೂಪಿನಲ್ಲಿದ್ದ ನನ್ನ ಕಥೆಯನ್ನು ಅಳಿಸಿದೆ. ಆದರೆ ಅದು ಅಷ್ಟರಲ್ಲಿ ಎಷ್ಟು ಗ್ರೂಪು ದಾಟಿತ್ತೋ! ಜನರನ್ನು ತಡೆಯುವುದು ಹೇಗೆ? ಅದಕ್ಕೆ ಪೊಲೀಸು, ಬೋರ್ಡು, ಬೇಲಿ ಅಂತ ನಾನು ಏನೇನೋ ಯೋಚಿಸುತ್ತಿದ್ದೆ. ವೆಂಕಟಮ್ಮ ಮರುದಿನ ಡೈರಿಯ ಸಾಲಿನಲ್ಲಿ ನಿಂತು, ಕ್ಯಾನು ಕೆಳಗಿಟ್ಟು, ಎಲ್ಲರಿಗೂ ಕೇಳುವಂತೆ ಮಾತಾಡಿದರು. ಅಷ್ಟು ಉದ್ದ ಅವರು ಮಾತಾಡಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

“ಅವ್ಳು ಬಾಣಂತಿ. ಬಾಣಂತಿ ಮನೆ ಮುಂದೆ ನಿಂತ್ಕಂಡು ಮಖ ತೋರ್ಸು ಅಂತ ಆರ್ನ್ ಒಡೀತೀರಾ? ನಮ್ಮತ್ತೆ ಏಳೋರು, ನರಿ ಅದಾಗೇ ಅಡ್ಡ ಬಂದ್ರೇನೇ ಅದೃಷ್ಟ. ಉಡ್ಕೊಂಡು ಓಗಿ ನೋಡಿದ್ರೆ ಇರೋದೂ ಓಯ್ತದೆ.”

ಹಾಲು ಅಳೆಯುವವನ ಕೈ ಒಂದು ಕ್ಷಣ ನಿಂತಿತು. ಬಾಣಂತಿಯ ಕೋಣೆಗೆ ಹೊರಗಿನವರು ನುಗ್ಗಬಾರದು ಅನ್ನುವುದನ್ನು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇರುವ ಅದೃಷ್ಟವೂ ಹೋಗುತ್ತದೆ ಅಂದ ಮೇಲಂತೂ ಕೇಳುವುದೇ ಬೇಡ.

ಸಂಜೆಯ ಹೊತ್ತಿಗೆ ಅದು ನನ್ನ ಗ್ರೂಪಿಗೇ ಬಂತು. ‘ನರಿಯನ್ನು ಹುಡುಕಿಕೊಂಡು ಹೋಗಿ ನೋಡಿದರೆ ಏಳು ವರ್ಷ ದರಿದ್ರ. ಹಿರಿಯರ ಮಾತು. ಹತ್ತು ಜನರಿಗೆ ಕಳಿಸಿ.’ ಕೆಳಗೆ ತಾವರೆ ಹೂವು, ಮುಗಿದ ಕೈಗಳು. ಏಳು ವರ್ಷ ಯಾರು ಸೇರಿಸಿದರೋ ದೇವರೇ ಬಲ್ಲ. ಮೂಢನಂಬಿಕೆಯ ಬಗ್ಗೆ ಎಂಟನೇ ಕ್ಲಾಸಿಗೆ ಭಾಷಣ ಬಿಗಿಯುವವಳು ನಾನು. ಅವತ್ತು ಬಾಯಿ ಮುಚ್ಚಿಕೊಂಡು ಹತ್ತಲ್ಲ, ಇಪ್ಪತ್ತು ಜನರಿಗೆ ಕಳಿಸಿದೆ.

ಬೈಕುಗಳು ಕಡಿಮೆಯಾಗುತ್ತಾ ಬಂದು, ನಾಲ್ಕೇ ದಿನದಲ್ಲಿ ರಸ್ತೆ ಖಾಲಿಯಾಯಿತು. ಜನರಿಗೆ ಕರುಣೆ ಇಲ್ಲ ಅಂತ ನಾವು ಎಷ್ಟು ಸುಲಭವಾಗಿ ಹೇಳಿಬಿಡುತ್ತೇವೆ! ಕರುಣೆ ಇತ್ತು. ಅದನ್ನು ಅವರ ಮನೆಯ ಮಾತಿನಲ್ಲಿ ಕರೆಯುವವರು ಬೇಕಿತ್ತು. ಹೆಣ್ಣು ನೋಡಲು ಹೋದ ಉರಿಗಾಂನ ಆ ಕುಟುಂಬದಿಂದ ಮೆಸೇಜ್ ಬಂತು. ಸಂಬಂಧ ಕುದುರಿದೆಯಂತೆ, ಮದುವೆಗೆ ಬರಬೇಕಂತೆ. ಜೊತೆಗೆ ಒಂದು ಪ್ರಶ್ನೆ: ಮರಿಗಳು ಚೆನ್ನಾಗಿವೆಯಾ ಟೀಚರ್?

ಒಂದು ಸಂಶಯ ಮಾತ್ರ ನನ್ನನ್ನು ಕೊರೆಯುತ್ತಿತ್ತು. ಒಂದು ದಿನ ವೆಂಕಟಮ್ಮನವರನ್ನು ಪಕ್ಕಕ್ಕೆ ಕರೆದು, ನಿಮ್ಮ ಅತ್ತೆ ನಿಜವಾಗಿ ಹಾಗೆ ಹೇಳುತ್ತಿದ್ದರಾ ಅಂತ ಕೇಳಿದೆ.

“ನಮ್ಮತ್ತೆ ನನ್ ಜತೆ ಮಾತಾಡಿದ್ದೇ ಕಮ್ಮಿ,” ಅಂದರು. “ಈಗ್ಲಾದ್ರೂ ಆಯಮ್ಮನ ಎಸ್ರು ಒಂದು ಉಪಯೋಗಕ್ಕೆ ಬರ್ಲಿ ಅಂತ.”

ಕಳೆದ ಸೋಮವಾರ ಅದೇ ತಿರುವು, ಅದೇ ಹೊತ್ತು. ಈ ಸಲ ದೂರದಲ್ಲೇ ಬ್ರೇಕ್ ಹಿಡಿದೆ. ಅವಳು ಮೊದಲು ಬಂದು ರಸ್ತೆಯ ಎರಡೂ ಕಡೆ ನೋಡಿದಳು. ಬಡಕಲಾಗಿದ್ದಳು. ಹಿಂದೆ ಒಂದು ಮರಿ, ಎರಡು, ಸ್ವಲ್ಪ ತಡವಾಗಿ ಮೂರನೆಯದು. ಅದಕ್ಕೆ ನನ್ನ ಸೈಕಲ್ಲಿನ ಚಕ್ರವನ್ನು ಮೂಸುವ ಮನಸ್ಸು. ತಾಯಿ ಒಂದು ಸಣ್ಣ ಸದ್ದು ಮಾಡಿದಳು, ಓಡಿತು. ಫೋನು ಚೀಲದಲ್ಲೇ ಇತ್ತು. ನನ್ನ ಕಣ್ಣು ತುಂಬಿ ಬಂದಿತ್ತು, ತೆಗೆದಿದ್ದರೂ ಏನೂ ಕಾಣುತ್ತಿರಲಿಲ್ಲ.

ಡೈರಿಗೆ ಬಂದು ನೀರು ಕುಡಿದೆ. ಸಾಲಿನಲ್ಲಿದ್ದ ವೆಂಕಟಮ್ಮನವರಿಗೆ ದೂರದಿಂದಲೇ ಮೂರು ಬೆರಳು ತೋರಿಸಿದೆ. ಅವರು ತಲೆ ತಗ್ಗಿಸಿ ನಕ್ಕು, ಕ್ಯಾನನ್ನು ಮುಂದಕ್ಕೆ ಸರಿಸಿಕೊಂಡರು.

ನರಿಯ ಮುಖ ನೋಡಿದರೆ ನಮಗೆ ಅದೃಷ್ಟ, ಸರಿ. ಬೆಳಿಗ್ಗೆ ಎದ್ದು ನಮ್ಮ ಮುಖ ನೋಡಿದ ನರಿಗೆ?