ಒಮ್ಮೆ ಬಂದ ಜ್ವರ ಮತ್ತೆ ಬರುವುದಿಲ್ಲ ಎಂದಿದ್ದೆ

ನಾಗರ ಪಂಚಮಿಗೆ ಪುಣೆಯಿಂದ ತವರಿಗೆ ಬಂದ ತಂಗಿ ಚಳಿಜ್ವರದಿಂದ ನಡುಗುತ್ತಿದ್ದಾಗ ನಾನು ಅವಳನ್ನು ರಕ್ತ ತಪಾಸಣೆಗೆ ಕರೆದೊಯ್ಯಲಿಲ್ಲ. ಮುಳವಾಡದ ನಮ್ಮ ಮನೆಯ ಮುಂದೆಯೇ ಬೈಕು ನಿಂತಿತ್ತು. ಹಬ್ಬಕ್ಕೆ ಕಟ್ಟಿದ್ದ ಜೋಕಾಲಿಯ ಹಗ್ಗ ಹಿಡಿಯಲೂ ಅವಳ ಕೈಯಲ್ಲಿ ಬಲವಿರಲಿಲ್ಲ.

"ಅಣ್ಣಾ, ಇದು ಮಲೇರಿಯಾ ಇದ್ದಂಗ ಐತಿ. ದವಾಖಾನಿಗೆ ಹೋಗೂಣು" ಎಂದಳು.

"ಸಣ್ಣಾಕಿದ್ದಾಗ ಬಂದು ಹೋಗೇತಿ, ಮತ್ತ ಬರಂಗಿಲ್ಲ. ಪುಣೆಕ್ಕ ಹೋಗಿ ಭಾಳ ನಾಜೂಕ ಆಗೀದಿ ನೀ" ಎಂದು ನಕ್ಕೆ. ದಡಾರದಂತೆ ಇದೂ ಒಮ್ಮೆ ಬಂದರೆ ಮುಗಿಯಿತು ಎಂದು, ಶಾಲೆಯನ್ನು ಅರ್ಧಕ್ಕೆ ಬಿಟ್ಟ ನಾನು ನಂಬಿದ್ದೆ.

ಎರಡು ದಿನ ಕಳೆಯುವಷ್ಟರಲ್ಲಿ ಅವಳ ಮಾತು ತೊದಲತೊಡಗಿತು. ಆಗ ಅವಳನ್ನು ಕರೆದುಕೊಂಡು ಓಡಿದೆ. ಬಸವನ ಬಾಗೇವಾಡಿಯಲ್ಲಿ ಡಾಕ್ಟರು ರಕ್ತ ಪರೀಕ್ಷಿಸಿ, ಮಲೇರಿಯಾ ಎಂದರು. ನಾನು ನನ್ನ ನಂಬಿಕೆಯನ್ನೇ ಮತ್ತೆ ಹೇಳಿದೆ.

"ದಡಾರ ಒಮ್ಮಿ ಬಂದ್ರ ಮೈ ಅದನ್ನ ಮರೆಯಂಗಿಲ್ರಿ. ಮಲೇರಿಯಾ ಹಂಗಲ್ಲ. ಮ್ಯಾಲಿಂದ ಮ್ಯಾಲೆ ಬಂದ್ರ ಮೈ ಒಂದಿಷ್ಟು ತಡಕೊಳ್ಳೂದು ಕಲೀತೈತಿ. ವರ್ಷಗಟ್ಟಲೆ ಬರಲಿಲ್ಲಂದ್ರ ಆ ಬಲಾನೂ ಕಡಿಮಿ ಆಗ್ತೈತಿ. ಇನ್ನೊಂದು ದಿನ ತಡಾ ಮಾಡಿದ್ರ ಕಷ್ಟ ಇತ್ತು" ಎಂದರು.

ತಂಗಿ ಉಳಿದಳು. ಗುಣವಾಗಿ ಪುಣೆಗೆ ಹೊರಟಾಗ ಅವಳ ಚೀಲವನ್ನು ಬಸ್ಸಿಗೆ ಏರಿಸಿದೆನೇ ಹೊರತು ಕ್ಷಮೆ ಕೇಳಲಿಲ್ಲ.

ಈಗ ಓಣಿಯಲ್ಲಿ ಯಾರಿಗೆ ಚಳಿಜ್ವರ ಬಂದರೂ, ಹಿಂದೆ ಬಂದಿತ್ತೇ ಎಂದು ಕೇಳದೆ ಬೈಕಿನಲ್ಲಿ ಕೂಡಿಸಿಕೊಂಡು ದವಾಖಾನೆಗೆ ಒಯ್ಯುತ್ತೇನೆ. ಅಷ್ಟರಿಂದ ತಂಗಿಯ ಋಣ ತೀರುವುದಿಲ್ಲ ಎಂದು ಗೊತ್ತಿತ್ತು. ಈ ಸಲ ಪಂಚಮಿಗೆ ಕರೆಯಲು ಪುಣೆಗೆ ಹೋದವನು ಅವಳ ಮನೆಯೊಳಗೆ ಕಾಲಿಡುವ ಮೊದಲೇ, ಅವಳ ಗಂಡನ ಎದುರಿಗೇ ಹೇಳಿದೆ: "ತಪ್ಪು ನಂದವ್ವಾ. ನೀ ನಡುಗಾಕತ್ತಿದ್ದಿ, ನಾ ನಕ್ಕೆ. ನನ್ನ ಮಾಫ್ ಮಾಡು."