ಬಳ್ಳಿಯ ಕೋಣೆಯಲ್ಲಿ ಒದ್ದೆ ಸೀರೆ

೧೯೬೪ರ ಮೇ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಒಂದು ಗಂಟೆ. ಅಹಮದಾಬಾದಿನ ನಮ್ಮ ಬಾಡಿಗೆ ಮನೆಯಲ್ಲಿ ಇದ್ದವನು ನಾನೊಬ್ಬನೇ. ಕೆಲವು ದಿನ ಇದ್ದು ಹೋಗಲು ಬಂದಿದ್ದ ಅತ್ತೆಯನ್ನು ಬೆಳಗಿನ ಮುಂಬಯಿ ಗಾಡಿಗೆ ಹತ್ತಿಸಿ ಬಂದಿದ್ದೆ. ಅವರ ಮಗಳು, ನನ್ನ ಹೆಂಡತಿ, ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದಳು.

ಹಿಂದಿನ ಕೋಣೆಯಲ್ಲಿ ಅವಳ ವೀಳ್ಯದೆಲೆ ಬಳ್ಳಿ ಇತ್ತು. ಮದುವೆಯಾದ ವರ್ಷ ತವರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದದ್ದು. ಹೊರಗಿನ ಬಿಸಿಗಾಳಿಗೆ ಅದು ಉಳಿಯುವುದಿಲ್ಲವೆಂದು ಚಾವಣಿಗೆ ಗಾಜಿನ ಹಂಚು ಹಾಕಿಸಿ ಒಳಗೇ ಬೆಳೆಸಿದ್ದೆವು. ನನಗೆ ಬಟ್ಟೆ ಗಿರಣಿಯಲ್ಲಿ ಗಾಳಿಯ ತೇವ ಕಾಯುವ ಕೆಲಸ. ಗಾಳಿ ಒಣಗಿದರೆ ನೂಲು ಕಡಿಯುತ್ತದೆ. ಮನೆಯಲ್ಲೂ ಅದೇ ಕ್ರಮ. ಗೋಡೆಯಲ್ಲಿ ಎರಡು ಉಷ್ಣಮಾಪಕ, ಒಂದರ ಬುರುಡೆಗೆ ಒದ್ದೆ ಬಟ್ಟೆ. ಎರಡರ ಅಂತರ ಹೆಚ್ಚಿದಷ್ಟೂ ಗಾಳಿ ಒಣಗಿದೆ ಎಂದರ್ಥ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಬಳ್ಳಿಯ ಸುತ್ತ ಹಾಸಿದ ಗೋಣಿಚೀಲ ತೋಯಿಸುತ್ತಿದ್ದೆ.

ಎಷ್ಟೋ ಬೇಸಿಗೆ ಹಾಗೆ ಬದುಕಿದ ಬಳ್ಳಿ ಆ ವರ್ಷ ಎಲೆ ಉದುರಿಸತೊಡಗಿತು. ಒಂದು ಹೊತ್ತೂ ನಾನು ತಪ್ಪಿಸಿರಲಿಲ್ಲ. ಅದು ಹೋದರೆ ಅವಳದೆಂದು ಉಸಿರಾಡುವಂಥದ್ದು ಆ ಮನೆಯಲ್ಲಿ ಬೇರೆ ಇರಲಿಲ್ಲ.

ಅತ್ತೆ ಬಂದ ದಿನವೇ ನನ್ನ ಕ್ರಮ ನೋಡಿ, "ಏನು ಅಳಿಯಂದ್ರೇ, ಬಳ್ಳೀನೂ ಗಿರಣಿಗೆ ಸೇರಿಸಿದೀರಾ? ಸೈರನ್ ಒಂದು ಕಮ್ಮಿ," ಎಂದರು.

ಮರುದಿನ ರಜೆ. ಊಟವಾಗಿ ಮಲಗಿದ್ದೆ. ಹಿಂದಿನ ಕೋಣೆಯಲ್ಲಿ ನೀರು ತೊಟ್ಟಿಕ್ಕುವ ಸದ್ದಾಯಿತು. ಚಳಿಗಾಲದಿಂದ ಈಚೆಗೆ ಕೇಳಿರದ ಸದ್ದು. ಎದ್ದು ಬಾಗಿಲು ತೆರೆದೆ. ಮೇಲಿನ ಬಿದಿರಿನಿಂದ ಒದ್ದೆ ಸೀರೆ ನೆಲದವರೆಗೆ ಇಳಿದಿತ್ತು. ಗಾಜಿನ ಹಂಚಿನ ಬೆಳಕಿಗೆ ಅದರ ಹಿಂದೆ ಯಾರೋ ಬೆನ್ನು ಹಾಕಿ ನಿಂತಂತೆ ಕಂಡಿತು. ಅವಳ ಹೆಸರು ನಾಲಿಗೆಯ ತುದಿಗೆ ಬಂದಿತ್ತು.

"ನನ್ನ ಮಡಿ ಸೀರೆ," ಎಂದರು ಅತ್ತೆ, ಹಿಂದಿನಿಂದ. "ಯಾರೂ ಮುಟ್ಟದ ಜಾಗ ಇದೊಂದೇ. ಅವಳೂ ಇಲ್ಲೇ ಹಾಕ್ತಿದ್ದಳು, ಅಲ್ವೇ?"

ಹೌದು. ಊಟದ ಕೆಲಸ ಮುಗಿಸಿ, ಮರುದಿನದ ಮಡಿಗೆಂದು ಸೀರೆ ಒಗೆದು, ಹಿಂಡದೆ ಕೋಲಿನಿಂದ ಎತ್ತಿ ಹಾಕುತ್ತಿದ್ದಳು. ಬಿಸಿಗಾಳಿ ಜೋರಾಗುವುದೂ ಆ ಹೊತ್ತಿಗೇ. ಸಂಜೆ ಅದರ ಕೆಳಗೆ ತಲೆ ತಗ್ಗಿಸಿ ನಡೆದೇ ನಾನು ಗೋಣಿ ತೋಯಿಸಿದ್ದೆ. ಅವಳು ಹೋದ ಮೇಲೂ ಬರಿಯ ಬಿದಿರಿಗೆ ತಲೆ ತಗ್ಗಿಸುತ್ತಿದ್ದೆ. ಈಗ ನೋಡಿದರೆ ಎರಡು ಮಾಪಕಗಳ ಅಂತರ ಕುಗ್ಗಿತ್ತು.

ಅತ್ತೆ ಇದ್ದಷ್ಟು ದಿನವೂ ಸೀರೆ ಅಲ್ಲೇ ಒಣಗಿತು. ಬಳ್ಳಿಯ ತುದಿಯಲ್ಲಿ ಒಂದು ಚಿಗುರು ಬಂತು.

ಅವರು ಹೊರಡುವ ಹಿಂದಿನ ಸಂಜೆ, "ನಾಳೆಯಿಂದ ಬಿದಿರಿಗೆ ನನ್ನ ಪಂಚೆ ಹಾಕ್ತೀನಿ," ಎಂದೆ.

"ಪಂಚೆ ಗಳಿಗೇಲಿ ಒಣಗುತ್ತೆ. ಅವಳ ಸೀರೆ ಎಲ್ಲಾ ಕೊಟ್ಟುಬಿಟ್ರಾ?"

"ಒಂದಿದೆ. ಕೊನೇ ಸಲ ಉಟ್ಟಿದ್ದು. ಒಗೆದಿಲ್ಲ."

ಅತ್ತೆ ಕೈ ಚಾಚಿದರು. "ಒಂದು ಸಲ ಕೊಡಿ ಇಲ್ಲಿ," ಎಂದರು. ಟ್ರಂಕಿನಿಂದ ತೆಗೆದುಕೊಟ್ಟೆ. ಮುಖಕ್ಕೆ ಒತ್ತಿ ಹಿಡಿದರು. ಮೊದಲಿದ್ದ ಮಡಿಕೆಯಲ್ಲೇ ಮಡಚಿ ನನ್ನ ಕೈಗಿಟ್ಟರು. "ಒಗೀಬೇಕೋ ಬೇಡ್ವೋ ನಾನು ಹೇಳೋದಲ್ಲ, ನೀವೇ ನೋಡಿ."

ಆ ಭಾನುವಾರ ಒಂದು ಗಂಟೆಗೆ ಬಿಸಿಗಾಳಿ ಕಿಟಕಿ ಬಡಿಯುತ್ತಿತ್ತು. ಗೋಣಿಗಳು ಒಣಗಿದ್ದವು. ಚಿಗುರು ಬಾಗಿತ್ತು. ಮಾಪಕ ನೋಡಿದೆ, ಟ್ರಂಕು ತೆರೆದೆ. ಸೀಗೆಕಾಯಿ, ಒಗ್ಗರಣೆ, ಅವಳ ಕತ್ತಿನ ಬೆವರು. ಬಕೆಟ್ಟಿನಲ್ಲಿ ಅದ್ದಿದಾಗ ವಾಸನೆ ಒಮ್ಮೆ ಮೇಲೆದ್ದಿತು, ಅವಳು ಬಚ್ಚಲಿಂದ ಹೊರಗೆ ಬಂದ ಹಾಗೆ. ಆಮೇಲೆ ಬರಿಯ ಒದ್ದೆ ನೂಲಿನ ವಾಸನೆ.

ಹಿಂಡದೆ ಕೋಲಿನಿಂದ ಎತ್ತಿ ಹಾಕಿದೆ. ಸೀರೆ ತೊಟ್ಟಿಕ್ಕತೊಡಗಿತು. ಸಂಜೆ ಆರಕ್ಕೆ ಅದರ ಕೆಳಗೆ ತಲೆ ತಗ್ಗಿಸಿ ಒಳಗೆ ಹೋಗಿ, ಗೋಣಿ ತೋಯಿಸಿ, ಬಕೆಟ್ಟು ಬೋರಲು ಹಾಕಿ, ಬಾಗಿಲು ಮುಚ್ಚಿದೆ.