ಕಾಲಿಲ್ಲದೆ ಹಿಡಿದ ಬ್ರೇಕ್

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೂ ಕಾರು ಓಡಿಸಿ ಓಡಿಸಿಯೇ ಅದರ ಮರ್ಮ ಒಂದಿಷ್ಟು ಕಲಿತಿದ್ದೇನೆ. ಯಾರಾದರೂ "ಗಾಡಿಗೆ ದೆವ್ವ ಹಿಡೀತು" ಎಂದರೆ, "ದೆವ್ವ ಅಲ್ಲ ಮಾರಾಯ, ಹಿಡಿದದ್ದು ಬ್ರೇಕ್ ಲೈನರ್" ಎಂದು ನಗುತ್ತಿದ್ದೆ. ಈಗ ನಗು ಬರುವುದಿಲ್ಲ. ಯಾಕೆಂದು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕೆಲವು ವರ್ಷಗಳ ಹಿಂದಿನ ಮಾತು. ಮದುವೆಯಾಗಿ ಎಷ್ಟೋ ಕಾಲದ ಮೇಲೆ ನನ್ನ ಮಗಳಿಗೆ ಹೆಣ್ಣುಮಗುವಾಗಿತ್ತು. ನನ್ನ ಸಂತೋಷ ಕೇಳಬೇಡಿ! ತೀರ್ಥಹಳ್ಳಿ ಆಸ್ಪತ್ರೆಯಲ್ಲಿ ಎದುರು ಸಿಕ್ಕವರಿಗೆಲ್ಲ ಲಾಡು ಕೊಟ್ಟೆ, ಕೊಟ್ಟವರಿಗೇ ಮತ್ತೆ ಕೊಟ್ಟೆ. ಬಾಣಂತಿಯನ್ನೂ ಕೂಸನ್ನೂ ನಿಟ್ಟೂರಿನ ಮನೆಗೆ ನನ್ನ ಕಾರಿನಲ್ಲೇ ಕರೆದೊಯ್ಯಬೇಕೆಂದು, ಮೊದಲೇ ಹೊಸ ಬ್ರೇಕ್ ಲೈನರ್ ಹಾಕಿಸಿದ್ದೆ. ಮಗಳು ಕೂಸನ್ನು ಎತ್ತಿಕೊಂಡು ಹಿಂದೆ ಕೂತಳು. ಮುಂದೆ ನಾನೊಬ್ಬನೇ.

ದಾರಿಯಲ್ಲಿ ಒಂದು ಇಳಿಜಾರು. ಮಧ್ಯಾಹ್ನದ ಬಿಸಿಲು, ಖಾಲಿ ರಸ್ತೆ. ನನ್ನ ಕಾಲು ಬ್ರೇಕಿಗೆ ಹೋಗುವ ಮೊದಲೇ ಕಾರು ಮೆತ್ತಗೆ ನಿಂತುಬಿಟ್ಟಿತು. ಎಕ್ಸಲೇಟರ್ ಒತ್ತಿದರೂ ಜಗ್ಗಲಿಲ್ಲ. ಲೈನರ್ ಹಾಕಿದವನು ಕೈಕೊಟ್ಟ ಎಂದುಕೊಂಡೆ. ಹ್ಯಾಂಡ್ ಬ್ರೇಕ್ ಎಳೆದು ಇಳಿದು ಚಕ್ರಗಳನ್ನು ಮುಟ್ಟಿ ನೋಡಿದೆ. ಲೈನರ್ ಕಚ್ಚಿದ್ದರೆ ಚಕ್ರ ಕಾದು ಸುಟ್ಟ ವಾಸನೆ ಬರಬೇಕು. ಎಲ್ಲವೂ ತಣ್ಣಗಿದ್ದವು.

ಅಷ್ಟರಲ್ಲಿ ಹಿಂದಿನಿಂದ ಬಂದ ಆಟೋದವ ಕೂಗಿದ: "ಎಂತ ಮಾರಾಯ್ರೆ, ಬ್ರೇಕ್ ಒತ್ಕಂಡು ರಸ್ತೆ ಮಧ್ಯ ನಿಂತಿದೀರಿ! ಒಳಗಿರೋರಿಗೆ ಕಾಲು ತೆಗಿಯಕ್ಕೆ ಹೇಳಿ!"

"ಮುಂದೆ ಯಾರಿದಾರೋ? ಓಡ್ಸೋನು ನಾನೇ, ಇಲ್ಲೇ ನಿಂತಿದೀನಲ್ಲ!"

ಹಿಂದೆ ಹೋಗಿ ನೋಡಿದೆ. ಎರಡೂ ಕೆಂಪು ದೀಪ ಉರಿಯುತ್ತಿದ್ದವು. ಹ್ಯಾಂಡ್ ಬ್ರೇಕಿಗೆ ಆ ದೀಪ ಹತ್ತುವುದಿಲ್ಲ, ಪೆಡಲ್ ತುಳಿದರೆ ಮಾತ್ರ. ಬಾಗಿಲು ತೆಗೆದು ಬಗ್ಗಿದೆ. ಪೆಡಲ್ ಕೆಳಗಿಳಿದೇ ಇತ್ತು. ಅದರ ಮೇಲೆ ಏನೂ ಇರಲಿಲ್ಲ. ಅಡಿಗೆ ಕೈಹಾಕಿ ಎತ್ತಿದರೂ ಮೇಲೆ ಬರಲಿಲ್ಲ.

"ಅಪ್ಪಯ್ಯ, ಎಂತಾಯ್ತು? ಮುಖ ಯಾಕೆ ಹಂಗಾಗಿದೆ?" ಎಂದಳು ಮಗಳು.

"ಎಂತದೂ ಇಲ್ಲ. ಕೂಸನ್ನ ತಗಂಡು ಇಳಿ ಮೊದ್ಲು. ಆಟೋದಲ್ಲಿ ಹೋಗನ."

ಅವಳು ಕೂಸಿನೊಂದಿಗೆ ಬಾಗಿಲಿನಾಚೆ ಬಂದದ್ದೇ ತಡ, ಪೆಡಲ್ ಟಪ್ಪೆಂದು ಮೇಲೆ ಬಂತು. "ಹಾಂ, ಈಗ ದೀಪ ಆರ್ತು" ಎಂದ ಆಟೋದವ.

ಹ್ಯಾಂಡ್ ಬ್ರೇಕ್ ಬಿಟ್ಟು ಕಾರನ್ನು ಬದಿಗೆ ತಳ್ಳಿ ಆಟೋದಲ್ಲೇ ಹೋದೆವು. ಮುಂದಿನ ರಸ್ತೆಯಲ್ಲಿ ಬಿದ್ದ ಮರವಾಗಲಿ, ಕುಸಿದ ಮಣ್ಣಾಗಲಿ, ಏನೂ ಇರಲಿಲ್ಲ. ಮರುದಿನ ಕಾರು ತರಲು ಹೋದರೆ ಒಂದು ತಕರಾರೂ ಇಲ್ಲದೆ ಓಡಿತು. ಲೈನರ್ ಹಾಕಿದವನು ತಪ್ಪು ಮುಚ್ಚುತ್ತಾನೆಂಬ ಗುಮಾನಿಯಿಂದ ಸಾಗರದ ಬೇರೊಂದು ಗ್ಯಾರೇಜಿಗೆ ಒಯ್ದೆ. ಅಲ್ಲಿಯವನು ಪೆಡಲ್, ಸ್ವಿಚ್, ಪೈಪು ಎಲ್ಲ ನೋಡಿ ನಕ್ಕ: "ನಾಲ್ಕೂ ಚಕ್ರ ಹಿಡಿದು ದೀಪನೂ ಹತ್ಬೇಕು ಅಂದ್ರೆ ಯಾರಾದ್ರೂ ತುಳೀಲೇಬೇಕು ಅಜ್ಜ. ಮೊಮ್ಮಗಳ ಖುಷೀಲಿ ನೀವೇ ತುಳಿದು ಮರ್ತಿದೀರಿ."

ಖುಷಿ ಇದ್ದದ್ದು ಹೌದು. ಆದರೆ ನಾನು ರಸ್ತೆಯಲ್ಲಿ ನಿಂತಿದ್ದೆನಲ್ಲ!

ಪೆಡಲ್ ತುಳಿದದ್ದು ಯಾವುದೋ, ಅದು ಕೂಸನ್ನು ಕಾಯಲು ನಿಂತಿತೋ, ಕೂಸು ನಮ್ಮ ಮನೆಗೆ ಬರಬಾರದೆಂದು ತಡೆಯಿತೋ? ಕೈಮುಗಿಯೋಣವೆಂದರೆ ಯಾರಿಗೆ, ಬೈಯೋಣವೆಂದರೆ ಯಾರಿಗೆ?

ಕಾರು ಈಗಲೂ ಅಂಗಳದಲ್ಲಿದೆ, ನಾನೊಬ್ಬನೇ ಓಡಿಸುತ್ತೇನೆ. ಮೊಮ್ಮಗಳನ್ನು ಮಾತ್ರ ಒಂದು ದಿನವೂ ಅದರಲ್ಲಿ ಕೂರಿಸಿಲ್ಲ. ಶಾಲೆಗೆ ಬಸ್ಸಿನಲ್ಲೇ ಬಿಟ್ಟು ಬರುತ್ತೇನೆ. ಮೊನ್ನೆ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಅಜ್ಜ, ನಂಗಲ್ಲ ಅಂದ್ರೆ ಈ ಕಾರು ಯಾರಿಗೆ ಇಟ್ಕಂಡಿದೀಯ?"

ಗೊತ್ತಿದ್ದರೆ ಹೇಳುತ್ತಿದ್ದೆ.